ಒಂಟಿ ಸೀನಿನ ಮನೆ

ನಮ್ಮ ಮನೆಯಿಂದ ಹೊರಡುವುದು ಸುಲಭದ ಕೆಲಸವಾಗಿರಲಿಲ್ಲ. ಬಾಗಿಲೇನೋ ಇತ್ತು, ಹಗಲು ಹೊತ್ತಿನಲ್ಲಿ ಅದಕ್ಕೆ ಅಗುಳಿ ಹಾಕಿದ್ದನ್ನು ಯಾರೂ ಕಂಡವರಿಲ್ಲ. ಮೂರು ಮೆಟ್ಟಿಲು ಇಳಿದರೆ ಓಣಿ, ಓಣಿಯ ತುದಿಗೆ ಹುಣಸೆಮರ, ಅದರಾಚೆಗೆ ಮಾಲೂರು ಸ್ಟೇಷನ್ನು. ಮಾತಾಡಿಕೊಂಡು ನಡೆದರೂ ಐದು ನಿಮಿಷ ಹಿಡಿಯದ ದಾರಿ. ಆದರೆ ಹೊರಡುವವರು ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಚಪ್ಪಲಿಗೆ ಕಾಲು ತೂರಿಸುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಕಡೆಯಿಂದ ಒಂದು ಸೀನು ಬರುತ್ತಿತ್ತು. ಒಂದೇ ಒಂದು. ಆಮೇಲೆ ಮನೆಗೆ ಮನೆಯೇ ಉಸಿರು ಹಿಡಿದು ಎರಡನೆಯದಕ್ಕೆ ಕಾಯುತ್ತಿತ್ತು. ಬಂದರೆ ಜೋಡಿ ಸೀನು, ಶುಭ, ಧಾರಾಳವಾಗಿ ಹೋಗಿಬರಬಹುದು. ಬರದಿದ್ದರೆ ಒಂಟಿ ಸೀನು. ಚಪ್ಪಲಿ ಬಿಟ್ಟು, ಒಳಗೆ ಬಂದು, ನಡುಮನೆಯ ಚಾಪೆಯ ಮೇಲೆ ಕೂರಬೇಕು. ಅಮ್ಮ ಕೊಟ್ಟ ಚೊಂಬಿನಿಂದ ನೀರು ಕುಡಿದು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಅದು ಪೂರಾ ಕರಗುವವರೆಗೆ ಕಾಯಬೇಕು. ಅಗಿಯುವಂತಿಲ್ಲ. ಬೆಲ್ಲ ಕರಗುವಷ್ಟರಲ್ಲಿ ಸ್ಟೇಷನ್ನಿನಲ್ಲಿ ರೈಲು ಬಂದು, ನಿಂತು, ಕೂಗಿ, ಹೊರಟುಹೋಗಿರುತ್ತಿತ್ತು.

ಸೀನುತ್ತಿದ್ದವಳು ರತ್ನತ್ತೆ, ಅಪ್ಪನ ಅಕ್ಕ. ಮುಳಬಾಗಿಲು ಕಡೆಯ ಬೈರಕೂರಿಗೆ ಕೊಟ್ಟಿದ್ದರು. ಮಾವಿನ ತೋಪಿನ ಮನೆ, ಒಳ್ಳೆಯ ಜನ. ಗಂಡ ತೀರಿಕೊಂಡ ಮೇಲೆ ಅತ್ತೆ ಒಂದು ತಗಡಿನ ಟ್ರಂಕು ಹೊತ್ತುಕೊಂಡು ತವರಿಗೆ ಬಂದಳು. ಆಗ ಅವಳಿಗೆ ಇಪ್ಪತ್ತೈದೂ ತುಂಬಿರಲಿಲ್ಲವಂತೆ. ಆ ಟ್ರಂಕನ್ನು ಅಡುಗೆಮನೆಯ ಮೂಲೆಯಲ್ಲಿ ಇಟ್ಟವಳು, ತಾನೂ ಅದರ ಪಕ್ಕದಲ್ಲೇ ಉಳಿದಳು. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟಾಗ ಅವಳು ಮುಂಬಾಗಿಲಿಗೆ ಬರುತ್ತಿರಲಿಲ್ಲ. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹೊರಡುವ ಗಡಿಬಿಡಿ ಶುರುವಾದರೆ ಅಮ್ಮ ಅಡುಗೆಮನೆಯ ಬಾಗಿಲನ್ನು ಸ್ವಲ್ಪ ಮುಂದಕ್ಕೆ ಎಳೆಯುತ್ತಿದ್ದಳು, ಅಷ್ಟೆ. ಮುಖ ಒಳಗೇ ಉಳಿಯುತ್ತಿತ್ತು, ಸೀನು ಮಾತ್ರ ಬಾಗಿಲಿನ ಸಂದಿಯಿಂದ ಹೊರಗೆ ಬರುತ್ತಿತ್ತು. ಆ ಮನೆಯಲ್ಲಿ ಯಾರೂ ಅವಳ ಮಾತು ಕೇಳಿ ಏನನ್ನೂ ಮಾಡಿದವರಲ್ಲ. ಆದರೆ ಅವಳು ಒಂದು ಸಲ ಸೀನಿದರೆ ಎಲ್ಲರೂ ಕೂತುಬಿಡುತ್ತಿದ್ದರು. ಇದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ.

ಮೊನ್ನೆ ಇದೆಲ್ಲ ಒಟ್ಟಿಗೇ ಮನಸ್ಸಿಗೆ ಬಂದಿತು. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ದಾದಿಯರಿಗೆಂದು ಒಂದು ತರಬೇತಿ ಇಟ್ಟಿದ್ದರು. ನಿವೃತ್ತಿಗೆ ಆರು ತಿಂಗಳು ಉಳಿದಿರುವ ನನ್ನನ್ನೂ ಬಿಡಲಿಲ್ಲ. ನನ್ನ ಮಗಳ ವಯಸ್ಸಿನ ಹುಡುಗಿ ಬಂದು, ಎಲ್ಲರಿಗೂ ಒಂದೊಂದು ಹಾಳೆ ಹಂಚಿ, ಎಡಗಡೆ ನಿಮ್ಮ ಏಳಿಗೆಗೆ ಅಡ್ಡಿಯಾದ ಜನರ ಹೆಸರು ಬರೆಯಿರಿ, ಬಲಗಡೆ ಅಡ್ಡಿಯಾದ ಅಭ್ಯಾಸ ಬರೆಯಿರಿ, ಆಮೇಲೆ ಎರಡಕ್ಕೂ ಅಡ್ಡಗೆರೆ ಎಳೆದು ಹಗುರಾಗಿರಿ ಎಂದಳು. ಚಿಕ್ಕ ಹುಡುಗಿಯರು ಬಗ್ಗಿ ಬರೆದದ್ದೇ ಬರೆದದ್ದು. ಒಬ್ಬಳು ಇನ್ನೊಂದು ಹಾಳೆ ಕೇಳಿದಳು. ನಾನು ಎಡಗಡೆ ಅತ್ತೆ ಎಂದು ಬರೆದೆ, ಬಲಗಡೆ ಸೀನು ಎಂದು ಬರೆದೆ. ಗೆರೆ ಎಳೆಯಲು ಕೈ ಬರಲಿಲ್ಲ. ಎಡಗಡೆ ಇನ್ನೊಂದು ಹೆಸರು ಬರೆಯಬೇಕಿತ್ತು, ಅದು ನನ್ನದೇ. ಹಾಳೆಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡೆ. ಕಿಟಕಿಯಾಚೆ ಎಲ್ಲೋ ಯಾರೋ ಸೀನಿದರು, ಏಳಲು ಹೊರಟ ನನ್ನ ಕಾಲು ಮೇಜಿನ ಕೆಳಗೇ ಗಕ್ಕನೆ ನಿಂತಿತು. ಇಷ್ಟು ವಯಸ್ಸಾದರೂ ನಿಲ್ಲುತ್ತದೆ.

ಮನೆ ಈಗ ಇಲ್ಲ. ಆ ಜಾಗದಲ್ಲಿ ಮೂರು ಅಂತಸ್ತಿನ ಬಾಡಿಗೆ ಕಟ್ಟಡ ನಿಂತಿದೆ. ಆದರೂ ಕಣ್ಣು ಮುಚ್ಚಿದರೆ ನಾನು ಮೊದಲು ಕಾಣುವುದು ನಡುಮನೆಯ ಮಾಡಿನಲ್ಲಿದ್ದ ಗಾಜಿನ ಹೆಂಚನ್ನು. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡು ನೋಡಿಕೊಳ್ಳುತ್ತಿದ್ದ. ಸೊಟ್ಟಗಾದ, ಮೂಲೆ ಮುರಿದ ಹೆಂಚುಗಳೆಲ್ಲ ನಮ್ಮ ಮಾಡಿಗೆ ಬರುತ್ತಿದ್ದವು. ಅವುಗಳ ನಡುವೆ ಅದೊಂದು ಗಾಜಿನದು. ಅದರಿಂದ ಇಳಿದ ಬಿಸಿಲು ಬೆಳಗ್ಗೆ ದೇವರ ಗೂಡಿನ ಕೆಳಗೆ ಕೂತು, ಮಧ್ಯಾಹ್ನಕ್ಕೆ ಚಾಪೆ ದಾಟಿ, ಸಂಜೆಗೆ ಅಡುಗೆಮನೆಯ ಹೊಸ್ತಿಲನ್ನು ಮುಟ್ಟುತ್ತಿತ್ತು. ಆ ಬಿಸಿಲಿನ ಕೋಲಿನಲ್ಲಿ ಇಟ್ಟಿಗೆ ಗೂಡುಗಳ ಕೆಂಪು ಧೂಳು ತೇಲುತ್ತಿತ್ತು. ಎಷ್ಟು ಸಾರಿಸಿದರೂ, ಎಷ್ಟು ಒರೆಸಿದರೂ ಮಾಲೂರಿನ ಧೂಳು ನಮ್ಮೊಡನೆ ಉಣ್ಣುತ್ತಿತ್ತು, ನಮ್ಮೊಡನೆ ಮಲಗುತ್ತಿತ್ತು. ಅತ್ತೆ ಬಿಸಿಲು ಹೊಸ್ತಿಲಿಗೆ ಬರುವುದನ್ನೇ ಕಾದು ಅಲ್ಲಿ ಕಾಲು ಚಾಚಿ ಕೂತು, ಸೊಂಟದಿಂದ ಹಿತ್ತಾಳೆಯ ಡಬ್ಬಿ ತೆಗೆದು, ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದಳು. ನಶ್ಯಕ್ಕೆ ಒಗ್ಗಿದವರು ಸೀನುವುದಿಲ್ಲ ಎನ್ನುತ್ತಾರೆ. ಅತ್ತೆಯ ಮೂಗಿಗೆ ಯಾರೂ ಆ ವಿಷಯ ತಿಳಿಸಿರಲಿಲ್ಲ. ಆ ಘಾಟು, ಒಲೆಯ ಮೇಲಿನ ಮಸ್ಸೊಪ್ಪಿನ ವಾಸನೆ, ದೂರದಲ್ಲಿ ಬಂಗಾರಪೇಟೆ ಕಡೆಯಿಂದ ಬರುವ ಪ್ಯಾಸೆಂಜರಿನ ಕೂಗು, ಇವು ಮೂರೂ ಸೇರಿದ ಹೊತ್ತಿನಲ್ಲಿ ನಾನು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅರೆನಿದ್ದೆಗೆ ಜಾರುತ್ತಿದ್ದೆ. ರೈಲು ನನ್ನ ಕನಸಿನೊಳಗೇ ಬಂದು ಹೋಗುತ್ತಿತ್ತು.

ಅಪ್ಪನಿಗೆ ಗಡಿಯಾರ ಬೇಕಿರಲಿಲ್ಲ. ಉಣ್ಣುವಾಗ ಮುದ್ದೆಯ ತುತ್ತನ್ನು ಕೈಯಲ್ಲೇ ಹಿಡಿದು, ಕಿವಿಗೊಟ್ಟು, ಇದು ಇಂಥ ಗಾಡಿ, ಇವತ್ತು ಹತ್ತು ನಿಮಿಷ ತಡ, ಎನ್ನುತ್ತಿದ್ದ. ಹತ್ತುವ ರೈಲಿಗಿಂತ ಹತ್ತದ ರೈಲುಗಳ ವಿಷಯ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೊಂದು ಕಾರಣವಿತ್ತು. ಅವನ ಹರೆಯದಲ್ಲಿ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸಕ್ಕೆ ಕರೆ ಬಂದಿತ್ತು. ಬೆಂಗಳೂರಿಗೆ ಹೋಗಿ ಸಾಹೇಬರ ಮುಂದೆ ನಿಲ್ಲಬೇಕಿತ್ತು. ಅಮ್ಮನ ಜೊತೆ ಮದುವೆಯ ಮಾತೂ ಆಗಿತ್ತು. ಹೊರಟು ಮೆಟ್ಟಿಲಿಗೆ ಬಂದಾಗ ಅಡುಗೆಮನೆಯಲ್ಲಿ ಒಲೆ ಊದುತ್ತಿದ್ದ ಅತ್ತೆ ಸೀನಿದಳು. ಒಂದೇ. ಅಪ್ಪ ಕೂತ. ಬೆಲ್ಲ ಕರಗಿತು. ರೈಲು ಹೋಯಿತು. ಮುಂದಿನ ಬಸ್ಸು ಹಿಡಿದು ಅವನು ಸೇರುವಷ್ಟರಲ್ಲಿ ಹೆಸರು ಕೂಗಿ ಮುಗಿದಿತ್ತು. ಈ ಕಥೆಯನ್ನು ಅಪ್ಪ ಹೇಳಿದರೆ ನಗುವಿನ ಕಥೆ. ಅಮ್ಮ ಹೇಳಿದರೆ ಬೇರೆ. ಹೋಳೂರಿನ ಹೊಲಮನೆಯಲ್ಲಿ ಬೆಳೆದ ಅಮ್ಮನ ಬಾಯಿ ಸ್ವಲ್ಪ ಖಾರ. ಜಗಳ ಹತ್ತಿದಾಗ ಅವಳು ಅತ್ತೆಗೆ ಕೇಳಿಸುವ ಹಾಗೆಯೇ ಅನ್ನುತ್ತಿದ್ದಳು:

"ರೈಲ್ವೆ ಅಳಿಯ ಅಂತ ನಮ್ಮಪ್ಪ ಕೊಟ್ಟಿದ್ದು. ಹೆಂಚಿನ ಅಳಿಯ ಆದ್ರು. ಕ್ವಾಟ್ರಸ್ಸಲ್ಲಿ ನಲ್ಲಿ ನೀರು ಹಿಡೀಬೇಕಾದೋಳು ಇಲ್ಲಿ ಧೂಳು ಗುಡಿಸ್ತಾ ಕೂತಿದೀನಿ."

"ಹಣೇಲಿ ಬರೀದೆ ಇದ್ರೆ ಸೀನು ಏನ್ಮಾಡ್ತದೆ ಬಿಡೇ," ಎಂದು ಅಪ್ಪ ತಟ್ಟೆಯ ಕಡೆ ನೋಡುತ್ತಿದ್ದ.

"ತುಮ್ಮಿತೇ ಊಡೇ ಮುಕ್ಕು ಎನ್ನಾಳ್ಳುಂಟುಂದಿ," ಎಂದು ಅಮ್ಮ ತೆಲುಗಿನಲ್ಲಿ ಮುಗಿಸುತ್ತಿದ್ದಳು. ಸೀನಿದರೆ ಉದುರಿಹೋಗುವ ಮೂಗು ಎಷ್ಟು ದಿನ ಇದ್ದೀತು ಎಂದು. ನಮ್ಮ ಮನೆಯಲ್ಲಿ ಅಕ್ಕರೆಯೂ ಬೈಗುಳವೂ ತೆಲುಗಿನಲ್ಲೇ ಆಗಬೇಕು, ಕನ್ನಡ ಉಳಿದ ವ್ಯವಹಾರಕ್ಕೆ. ಅತ್ತೆ ಮಾತ್ರ ಯಾವ ಭಾಷೆಯಲ್ಲೂ ಉತ್ತರ ಕೊಡುತ್ತಿರಲಿಲ್ಲ. ಒಲೆಯೊಳಗಿನ ಸೌದೆಯನ್ನು ಹಿಂದಕ್ಕೆ ಮುಂದಕ್ಕೆ ಸರಿಸುತ್ತಿದ್ದಳು.

ಗೋಡೆಯಾಚೆ ಶಮೀಮಳ ಮನೆ. ಅವಳು ನನ್ನ ಕ್ಲಾಸಿನವಳು, ಅವಳ ಅಮ್ಮನನ್ನು ನಾವು ಖಾಲಾ ಎನ್ನುತ್ತಿದ್ದೆವು. ಒಂದೇ ಗೋಡೆ, ಎರಡೂ ಕಡೆ ಸೀನು ಕೇಳಿಸುತ್ತಿತ್ತು. ಖಾಲಾ ಸೀನಿದರೆ ಕೂಡಲೇ ಅಲ್ಹಮ್ದುಲಿಲ್ಲಾ ಎನ್ನುತ್ತಿದ್ದಳು. ಏಕೆ ಎಂದು ಒಮ್ಮೆ ಕೇಳಿದೆ.

"ಸೀನು ಬಂದ್ರೆ ತಲೆ ಹಗುರ ಆಗ್ತದಲ್ಲಮ್ಮಾ, ಅದಕ್ಕೆ ದೇವ್ರಿಗೆ ಶುಕುರ್ ಹೇಳೋದು. ನಿಮ್ಮನೇಲಿ ಏನು, ಸೀನಿದ್ರೆ ಎಲ್ಲಾ ಕುಂತ್ಕೋತೀರ. ಸೀನು ಪಾಪ ಏನ್ ತಪ್ಪು ಮಾಡ್ತು?"

ಆ ಗೋಡೆಯ ಆ ಕಡೆ ಹುಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಮಧ್ಯಾಹ್ನ ಧೂಳಿನ ಕೋಲು ನೋಡುತ್ತಾ ಯೋಚಿಸಿದ್ದೇನೆ. ಅಪ್ಪ ಹಸಿರು ಬಾವುಟ ಹಿಡಿದು ನಿಂತಿರುವುದು, ಅಮ್ಮ ನಲ್ಲಿಯ ಕೆಳಗೆ ಬಿಂದಿಗೆ ಇಡುವುದು ಎಲ್ಲ ಕಾಣಿಸುತ್ತಿತ್ತು. ಅತ್ತೆ ಮಾತ್ರ ಆ ಚಿತ್ರದಲ್ಲಿ ಎಲ್ಲಿಯೂ ಕಾಣಿಸುತ್ತಿರಲಿಲ್ಲ. ಆಗ ನನಗೆ ಆ ಕನಸೇ ಬೇಡವೆನಿಸಿ ಎದ್ದುಹೋಗಿ ಅವಳ ಪಕ್ಕ ಕೂರುತ್ತಿದ್ದೆ.

ಈಗ ನಾಚಿಕೆಯ ಮಾತು. ನನಗೆ ಆ ಸೀನು ಇಷ್ಟವಾಗತೊಡಗಿತ್ತು. ಲೆಕ್ಕದ ಪರೀಕ್ಷೆಯ ದಿನ ಒಂಟಿ ಸೀನು ಬಿದ್ದರೆ ಅರ್ಧ ಗಂಟೆ ತಡವಾಗಿ ಹೋದರೂ ಮನೆಯಲ್ಲಿ ಕೇಳುವವರಿಲ್ಲ. ಅಂಕ ಕಡಿಮೆ ಬಂದರೆ ಶಕುನ ಕೆಟ್ಟಿತ್ತು, ಹುಡುಗಿಯದೇನು ತಪ್ಪು. ಸ್ಕೂಲಿನ ಓಟದ ಪಂದ್ಯಕ್ಕೆ ಕೋಲಾರಕ್ಕೆ ಹೋಗಬೇಕಾಗಿದ್ದ ದಿನವೂ ಹಾಗೆಯೇ ಕೂತೆ, ಹೆದರಿಕೆ ಬೆಲ್ಲದ ಜೊತೆ ಕರಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಮ್ಮ ಒಂದೆರಡು ಸಲ ನನ್ನ ಮುಖ ನೋಡಿ ಅಂದಿದ್ದುಂಟು. ನಾನು ಕೇಳಿಸದವಳಂತೆ ಇದ್ದೆ. ಹೀಗೆ ಹದಿನೆಂಟು ವರ್ಷ ಕಳೆಯಿತು. ಹೊರಡುವ ಮೊದಲೇ ನನ್ನ ಕಿವಿ ಅಡುಗೆಮನೆಯ ಕಡೆ ತಿರುಗಿರುತ್ತಿತ್ತು. ಹೆದರಿ ಅಲ್ಲ, ಆಸೆಯಿಂದ.

ಪಿಯುಸಿ ಮುಗಿದ ಮೇಲೆ ಶಮೀಮಳೂ ನಾನೂ ಬೆಂಗಳೂರಿನ ಒಂದು ನರ್ಸಿಂಗ್ ಶಾಲೆಗೆ ಅರ್ಜಿ ಹಾಕಿದೆವು. ಅವಳ ಅಕ್ಷರ ಕೆಟ್ಟದ್ದೆಂದು ಇಬ್ಬರ ಅರ್ಜಿಯನ್ನೂ ನಾನೇ ತುಂಬಿದ್ದೆ. ಒಂದೇ ದಿನ ಇಬ್ಬರಿಗೂ ಸಂದರ್ಶನದ ಕಾಗದ ಬಂತು. ನನಗೆ ದಾದಿಯಾಗಬೇಕೆಂದು ನಿಜವಾಗಿಯೂ ಆಸೆಯಿತ್ತು. ಓಣಿಯಲ್ಲಿ ಯಾರಿಗೆ ಗಾಯವಾದರೂ ಕಟ್ಟು ಕಟ್ಟಲು ನಾನೇ ಬೇಕಿತ್ತು. ಆದರೆ ಕಾಗದ ಕೈಗೆ ಬಂದ ದಿನದಿಂದ ಅದನ್ನು ಬಿಚ್ಚಿ ಓದುವುದು, ಮಡಿಸಿಡುವುದು, ಇದೇ ಆಯಿತು. ಇಂಗ್ಲಿಷಿನಲ್ಲಿ ಏನು ಕೇಳುತ್ತಾರೋ, ನನ್ನ ತೆಲುಗು ರಾಗದ ಕನ್ನಡ ಕೇಳಿ ನಕ್ಕುಬಿಡುತ್ತಾರೋ, ಸೇರಿದರೆ ಈ ಮನೆ ಬಿಟ್ಟು ಹೇಗಿರಲಿ ಎಂದೆಲ್ಲ ಹೆದರಿಕೆ. ಆ ಬೆಳಗ್ಗೆ ಎದ್ದು ನೋಡಿದರೆ ಅತ್ತೆ ಸುಮ್ಮನೆ ಒಲೆಯ ಮುಂದೆ ಕೂತಿದ್ದಳು. ಎರಡು ದಿನದಿಂದ ಡಬ್ಬಿ ಖಾಲಿ, ಅಮ್ಮ ನಶ್ಯ ತರಲು ಮರೆತಿದ್ದಳು. ಮೂಗು ಶಾಂತವಾಗಿತ್ತು. ನನ್ನ ಜೀವ ಹಾರಿತು. ಇವತ್ತು ಹೋಗಲೇಬೇಕಾಗುತ್ತದೆ.

ಅಡುಗೆಮನೆಯ ಗೋಡೆಗೂಡಿನ ಮೇಲ್ಗಡೆ, ಉಪ್ಪಿನಕಾಯಿ ಭರಣಿಯ ಹಿಂದೆ, ಹಳೆಯದೊಂದು ನಶ್ಯದ ಪೊಟ್ಟಣ ಇರುವುದು ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ತೆಗೆದು, ಡಬ್ಬಿಗೆ ತುಂಬಿ, ಅತ್ತೆಯ ಮುಂದಿಟ್ಟೆ.

"ಏನೇ ಪಾಪಾ, ಇವತ್ತು ಅತ್ತೆ ಮೇಲೆ ಇಷ್ಟು ಅಕ್ಕರೆ?" ಎಂದಳು. ಸಣ್ಣ ಮಕ್ಕಳನ್ನು ಕರೆಯುವಂತೆ ನನ್ನನ್ನು ಅವಳು ಕೊನೆಯವರೆಗೂ ಪಾಪಾ ಎಂದೇ ಕರೆದಳು.

"ಎರಡು ದಿನ ಆಯ್ತಲ್ಲ ಅತ್ತೆ, ತಲೆ ನೋಯ್ತಿರ್ತದೆ. ತಗೋ."

ಅವಳು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು. ಆಮೇಲೆ ಚಿಟಿಕೆ ಏರಿಸಿದಳು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಸೀನು ಬಂತು. ಎರಡನೆಯದು ಬಾರದಿರಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಬರಲಿಲ್ಲ. ಅಪ್ಪ ನಿಟ್ಟುಸಿರು ಬಿಟ್ಟು, ಕೂತ್ಕೊಳಮ್ಮ, ಎಂದ. ಓಣಿಯಲ್ಲಿ ಶಮೀಮ ನಿಂತಿದ್ದಳು, ತಲೆಯ ಮೇಲೆ ಹೊಸ ದುಪಟ್ಟಾ, ಕೈಯಲ್ಲಿ ಪ್ಲಾಸ್ಟಿಕ್ ಕವರು.

"ಬಾರೇ ಸುಜಾತಾ, ಸಿಗ್ನಲ್ ಬಿತ್ತು ಕಣೇ."

"ನೀನು ನಡೀತಿರು, ಬರ್ತೀನಿ."

ಬಾಯಲ್ಲಿ ಬೆಲ್ಲವಿತ್ತು. ಅವಳು ಎರಡು ಸಲ ತಿರುಗಿ ನೋಡಿ, ಆಮೇಲೆ ಓಡಿದಳು. ಅವಳ ಚಪ್ಪಲಿಯ ಸದ್ದು ಹುಣಸೆಮರದವರೆಗೂ ಕೇಳಿಸಿತು. ರೈಲು ಕೂಗಿ ಹೊರಟಾಗ ನನಗಾದ ಸಮಾಧಾನವನ್ನು ಇವತ್ತಿಗೂ ಮರೆತಿಲ್ಲ. ಮೈಯೆಲ್ಲ ಹಗುರಾಗಿ ನಿದ್ದೆ ಬರುವಂತಾಯಿತು. ಅಪ್ಪ ಮಾತ್ರ ಎದ್ದುಹೋಗಿ ಬಾಗಿಲಾಚೆಯ ತಿಣ್ಣೆಯ ಮೇಲೆ ನಮಗೆ ಬೆನ್ನು ಮಾಡಿ ಕೂತ. ಅವತ್ತು ಯಾವ ಗಾಡಿಯ ಹೆಸರನ್ನೂ ಅವನು ಹೇಳಲಿಲ್ಲ.

ಶಮೀಮಳಿಗೆ ಸೀಟು ಸಿಕ್ಕಿತು. ತಿಂಗಳಿಗೊಂದು ಭಾನುವಾರ ಅವಳು ಊರಿಗೆ ಬರುತ್ತಿದ್ದಳು. ಬಿಳಿ ಸಮವಸ್ತ್ರವನ್ನು ಖಾಲಾ ಒಗೆದು ತಂತಿಗೆ ಹಾಕಿ, ಧೂಳು ಬೀಳದಂತೆ ಮೇಲೊಂದು ಹಳೆಯ ಸೀರೆ ಹೊದಿಸುತ್ತಿದ್ದಳು. ನಾನು ಹಿತ್ತಲಿನಲ್ಲಿ ನಿಂತು ಅದು ಗಾಳಿಗೆ ಆಡುವುದನ್ನು ನೋಡುತ್ತಿದ್ದೆ. ಹೊಟ್ಟೆಕಿಚ್ಚು ಎನ್ನಲು ಮನಸ್ಸು ಬರುತ್ತಿಲ್ಲ, ಆದರೆ ಅದೇ. ಶಮೀಮ ನನ್ನ ಹತ್ತಿರ ಆ ದಿನದ ಮಾತೆತ್ತಲಿಲ್ಲ. ರಕ್ತದೊತ್ತಡ ನೋಡುವುದು ಹೇಗೆ, ಸೂಜಿ ಹಿಡಿಯುವುದು ಹೇಗೆ ಎಂದು ಬಾಳೆಯ ದಿಂಡಿಗೆ ಚುಚ್ಚಿ ತೋರಿಸಿದಳು. ಹೋಗುವಾಗ ಮುಂದಿನ ವರ್ಷದ ಅರ್ಜಿಯ ಹಾಳೆಯನ್ನು ನನ್ನ ಮಡಿಲಿಗೆ ಹಾಕಿದಳು. ನಾನು ಅದನ್ನು ಟ್ರಂಕಿನ ಮೇಲೆ ಇಟ್ಟು ಸುಮ್ಮನಾದೆ. ಅದರ ಮೇಲೂ ಕೆಂಪು ಧೂಳು ಕೂರತೊಡಗಿತು.

ಒಂದು ಸಂಜೆ ಬಿಸಿಲು ಹೊಸ್ತಿಲು ಮುಟ್ಟಿತ್ತು. ಅಮ್ಮ ಅಂಗಡಿಗೆ ಹೋಗಿದ್ದಳು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಪಾಪಾ, ಅವತ್ತು ಡಬ್ಬಿ ತುಂಬಿ ತಂದಿಟ್ಟೆಯಲ್ಲ. ನಾನು ಸೀನ್ಲಿ ಅಂತ ತಾನೆ?"

ಇಲ್ಲ ಎನ್ನಲು ಬಾಯಿ ತೆರೆದೆ, ಅಳು ಬಂತು. ಅವಳು ನನ್ನನ್ನು ಹತ್ತಿರಕ್ಕೆ ಎಳೆದುಕೊಳ್ಳಲಿಲ್ಲ. ಅವರೆಕಾಯಿ ಸುಲಿಯುತ್ತಲೇ ಇದ್ದಳು.

"ಗೊತ್ತಿದ್ದೂ ಯಾಕೆ ಸೀನಿದೆ ಅತ್ತೆ?"

"ನೀನು ಹೋಗದೆ ಇದ್ರೆ ನಂಗೂ ಒಳ್ಳೇದೇ ಅನ್ನಿಸ್ತು. ಸಂಜೆಹೊತ್ತು ನನ್ ಜೊತೆ ಇನ್ಯಾರು ಕೂತ್ಕೋತಾರೆ ಹೇಳು? ಆದ್ರೆ ವರ್ಷದಿಂದ ನೋಡ್ತಿದೀನಿ. ಆ ಬಿಳಿ ಬಟ್ಟೆ ತಂತಿ ಮೇಲಿದ್ರೆ ನಿಂಗೆ ಅನ್ನ ಸೇರಲ್ಲ." ಒಂದು ಹಿಡಿ ಕಾಳನ್ನು ಮೊರಕ್ಕೆ ಸುರಿದಳು. "ಕೂತ್ಕೊಳ್ಳೋದು ಒಂದು ಚಟ ಕಣೇ, ನಶ್ಯದ ಥರಾನೆ. ನಾನು ಕೂತಿದ್ದಾಯ್ತು. ನೀನು ನನ್ ಪಕ್ಕ ಕೂರಬೇಡ. ಏಳು, ಆ ಕಾಗದ ತಗೊಂಡು ಬರಿ."

ನಾನು ಎದ್ದು ಧೂಳು ಒರೆಸಿ ಬರೆದೆ. ಬರೆಯುವಾಗ ಅತ್ತೆ ಅಕ್ಷರ ಗೊತ್ತಿಲ್ಲದಿದ್ದರೂ ಬಗ್ಗಿ ಬಗ್ಗಿ ನೋಡುತ್ತಿದ್ದಳು.

ಎರಡನೆಯ ಸಲ ಸಂದರ್ಶನದ ಕಾಗದ ಬಂದ ದಿನವೇ ಅತ್ತೆ ಹಿತ್ತಾಳೆಯ ಡಬ್ಬಿಯನ್ನು ಹಿತ್ತಲಿನ ಗೋಡೆಯ ಮೇಲಿಂದ ಖಾಲಾ ಕೈಗೆ ಕೊಟ್ಟಳು. ಹುಡುಗಿ ರೈಲು ಹತ್ತುವವರೆಗೆ ಕಾಲಿಗೆ ಬಿದ್ದು ಕೇಳಿದರೂ ಕೊಡಬೇಡ ಎಂದಳು. ಆ ಐದು ದಿನ ಅವಳು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ತಲೆಗೆ ಬಟ್ಟೆ ಬಿಗಿದುಕೊಂಡು ಓಡಾಡಿದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮೂರನೆಯ ದಿನ ಗೋಡೆಯ ಹತ್ತಿರ ಹೋಗಿ ನಿಂತು, ಖಾಲಾ ಕಡೆ ನೋಡಿ, ಏನೂ ಕೇಳದೆ ಹಿಂದಕ್ಕೆ ಬಂದಳು. ಅಮ್ಮನಿಗೆ ಇದೆಲ್ಲ ತಿಳಿಯಿತೋ ಏನೋ, ಆ ದಿನಗಳಲ್ಲಿ ಅವಳೂ ಬಾಯಿ ಬಿಗಿಹಿಡಿದಳು. ವದಿನಾ ಎಂದು ಅತ್ತಿಗೆಯನ್ನು ತೆಲುಗಿನಲ್ಲೇ ಕರೆದು, ಒಂದು ಲೋಟ ಕಾಫಿ ಜಾಸ್ತಿ ಕುಡೀರಿ, ತಲೆನೋವು ಇಳಿಯುತ್ತೆ, ಎಂದು ತಾನಾಗಿಯೇ ಮಾಡಿಕೊಟ್ಟಳು.

ಆ ಬೆಳಗ್ಗೆ ಮಂಜಿತ್ತು. ಇಟ್ಟಿಗೆ ಗೂಡುಗಳ ಹೊಗೆ ಮೇಲೇಳಲಾರದೆ ಮಂಜಿನೊಡನೆ ಕಲೆತು ಓಣಿಯಲ್ಲೇ ನಿಂತಿತ್ತು. ಗಾಜಿನ ಹೆಂಚಿನಿಂದ ಬಿಸಿಲಿನ ಬದಲು ಹಾಲಿನಂಥ ಬೆಳಕು ಇಳಿದು, ದೇವರ ಗೂಡು, ಚಾಪೆ, ಚೊಂಬು ಎಲ್ಲ ನೀರಿನೊಳಗಿದ್ದ ಹಾಗೆ ಕಾಣುತ್ತಿದ್ದವು. ಅಮ್ಮ ಎಂದಿನಂತೆ ಅಡುಗೆಮನೆಯ ಬಾಗಿಲನ್ನು ಮುಂದಕ್ಕೆ ಎಳೆದಳು. ನಾನು ಅಪ್ಪ ಅಮ್ಮನ ಕಾಲು ಮುಟ್ಟಿ, ಚಪ್ಪಲಿಗೆ ಒಂದು ಕಾಲು ಹಾಕಿದೆ. ಆಗ ಸೀನು ಬಂತು.

ನಶ್ಯವಿಲ್ಲದೆ, ಹೊಗೆಗೋ ಚಳಿಗೋ, ತಾನೇ ತಾನಾಗಿ ಬಂದ ಸೀನು. ಮನೆ ಉಸಿರು ಹಿಡಿಯಿತು. ನಾವು ಕಾದೆವು. ಎರಡನೆಯದು ಬರಲಿಲ್ಲ. ಅಪ್ಪ, ಹೊರಡಬೇಕಾದವನು ತಾನಲ್ಲ ಎಂಬುದನ್ನೂ ಮರೆತು, ಚಾಪೆಯ ಮೇಲೆ ಕೂತುಬಿಟ್ಟ. ಅಮ್ಮನ ಕೈ ಚೊಂಬಿಗೆ ಹೋಯಿತು. ನನ್ನ ಮಂಡಿಗಳೂ ಬಾಗಿದವು, ಸುಳ್ಳೇಕೆ. ಹದಿನೆಂಟು ವರ್ಷ ಬಾಗಿ ಗೊತ್ತಿದ್ದ ಮಂಡಿಗಳು ಅವು. ಬಾಯಲ್ಲಿ ಬೆಲ್ಲದ ರುಚಿಯೂ ಬಂತು. ದೂರದಲ್ಲಿ ಎಲ್ಲೋ, ಹಿಂದಿನ ಸ್ಟೇಷನ್ ಟೇಕಲ್ ದಾಟಿದ ಗಾಡಿ ಕೂಗಿದ ಹಾಗಾಯಿತು. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ.

"ನಾನು ಕೂತ್ಕೊಳ್ಳಲ್ಲ ಅಪ್ಪ."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಪ್ಪ ತಲೆಯೆತ್ತಿದ. ಅವನು ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ಕಿರ್ರೆಂದಿತು. ಅತ್ತೆ ಹೊರಗೆ ಬಂದಳು. ತಲೆಗೆ ಬಟ್ಟೆ ಬಿಗಿದಿದ್ದ ಹಾಗೆಯೇ ನಡುಮನೆ ದಾಟಿ, ಚಾಪೆ ದಾಟಿ, ಮುಂಬಾಗಿಲಿಗೆ ಬಂದು, ಹೊರಟು ನಿಂತ ನನ್ನ ಎದುರಿಗೇ ನಿಂತಳು. ನನ್ನ ಜೀವನದಲ್ಲಿ ಅವಳನ್ನು ಆ ಹೊತ್ತಿನಲ್ಲಿ ಆ ಜಾಗದಲ್ಲಿ ಕಂಡದ್ದು ಅದೇ ಮೊದಲು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಎದೆ ತುಂಬ ಉಸಿರೆಳೆದು, ಪಾಠ ಓದುವ ಮಗುವಿನ ಹಾಗೆ ಹೇಳಿದಳು:

"ಆಕ್ಷೀ."

ಅದು ಸೀನಲ್ಲ ಎಂದು ಗೋಡೆಯಾಚೆಯ ಖಾಲಾಗೂ ಗೊತ್ತಾಗಿರಬೇಕು.

"ಜೋಡಿ ಆಯ್ತು," ಎಂದಳು ಅತ್ತೆ. "ಪೋಯಿ ರಾ ಪಾಪಾ, ಹೋಗಿ ಬಾ."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಚೊಂಬಿನ ನೀರು ಸೀರೆಯ ಮೇಲೆಲ್ಲ ಚೆಲ್ಲಿತು. ನನಗೂ ನಗು, ಅಳು ಎರಡೂ ಬಂದವು. ಅಪ್ಪ ಮಾತ್ರ ಚಾಪೆಯ ಮೇಲೆ ಕೂತೇ ಅತ್ತೆಯನ್ನು ನೋಡುತ್ತಿದ್ದ. ಅವನೂ ನಗುತ್ತಲೇ ಕೇಳಿದ, ತಮಾಷೆಗೆ ಕೇಳಿದ ಹಾಗೆಯೇ:

"ಅಲ್ಲಾ ಅಕ್ಕಾ, ಇಷ್ಟು ಸುಲಭ ಇದ್ರೆ, ಅವತ್ತು ನಂಗೂ ಇನ್ನೊಂದು ಸೀನಬಾರ್ದಿತ್ತಾ?"

ಅತ್ತೆ ಉತ್ತರಿಸದೆ ಒಳಕ್ಕೆ ಹೋಗುತ್ತಾಳೆ ಎಂದುಕೊಂಡೆ. ಅವಳು ಹೋಗಲಿಲ್ಲ. ಬಾಗಿಲಿನ ಚೌಕಟ್ಟಿನಲ್ಲಿ ನನ್ನ ಕೈಯ ಪಕ್ಕ ತನ್ನ ಕೈಯಿಟ್ಟು, ಓಣಿಯ ಮಂಜಿನ ಕಡೆ ನೋಡುತ್ತಾ ಹೇಳಿದಳು:

"ಬಂದಿತ್ತು ಕಣೋ ತಮ್ಮಯ್ಯಾ. ಅವತ್ತು ಎರಡನೇದೂ ಬಂದಿತ್ತು. ಸೆರಗು ಬಾಯಿಗೆ ತುರುಕ್ಕೊಂಡು ತಡ್ಕೊಂಡೆ."

ಅಮ್ಮನ ಸೀರೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಬೈರಕೂರಿಂದ ಬಂದು ಮೂರು ತಿಂಗಳೂ ಆಗಿರ್ಲಿಲ್ಲ. ನೀನು ಜೋಲಾರ್‌ಪೇಟೆನೋ ಇನ್ನೆಲ್ಲೋ ರೈಲ್ವೆ ಕೆಲಸಕ್ಕೆ ಹೋಗ್ಬಿಟ್ರೆ ಈ ಮನೇಲಿ ನನ್ನ ಅಕ್ಕಾ ಅಂತ ಕರೆಯೋರು ಯಾರಿದ್ರು ಹೇಳು. ಅದಕ್ಕೆ ತಡ್ಕೊಂಡೆ. ನಂಗೆ ಬೇಕಾಗಿತ್ತು ನೀನು."

ಅಪ್ಪ ಚಾಪೆಯ ಹೆಣಿಕೆಯನ್ನು ಉಗುರಿನಿಂದ ಕೆದಕಿದ. ಇಪ್ಪತ್ತು ವರ್ಷಕ್ಕೂ ಮೇಲೆ ಮುದ್ದೆಯ ತುತ್ತು ಹಿಡಿದು ಹತ್ತದ ಗಾಡಿಗಳ ಹೊತ್ತು ಹೇಳಿದ ಮನುಷ್ಯ. ಅವನ ಮುಖ ನೋಡಲು ನನಗೆ ಹೆದರಿಕೆಯಾಯಿತು. ಅವನು ಎದ್ದ. ಅತ್ತೆಯ ಪಕ್ಕದಿಂದಲೇ ಹಾದು ಮೆಟ್ಟಿಲಿಳಿದು, ನನ್ನ ಚೀಲವನ್ನು ಕೈಗೆ ತೆಗೆದುಕೊಂಡ.

"ನಡಿಯಮ್ಮ. ಗಾಡಿ ಇವತ್ತು ಸರಿಯಾದ ಟೈಮಿಗೆ ಬರ್ತಿದೆ."

ಹುಣಸೆಮರದ ಹತ್ತಿರ ನಾನು ಹಿಂತಿರುಗಿ ನೋಡಿದೆ. ಮಂಜಿನಲ್ಲಿ ಮನೆ ಕಾಣಿಸಲಿಲ್ಲ, ತಲೆಗೆ ಬಟ್ಟೆ ಬಿಗಿದ ಒಂದು ಆಕಾರ ಮಾತ್ರ ಬಾಗಿಲ ಮಟ್ಟದಲ್ಲಿ ತೇಲುತ್ತಿತ್ತು. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಅಪ್ಪನ ಪರವಾಗಿ. ಬರಲಿಲ್ಲ. ಸೆರಗು ಕಚ್ಚಿದವಳು ಅವಳು, ಡಬ್ಬಿ ತುಂಬಿದವಳು ನಾನು. ಅವಳಿಗೆ ಒಬ್ಬ ತಮ್ಮ ಬೇಕಾಗಿದ್ದ. ನನಗೆ ಏನು ಬೇಕಾಗಿತ್ತು? ಬರೀ ಹೆದರಿಕೆ. ರೈಲು ಬಂತು. ಅಪ್ಪ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಕೆಳಗಿಳಿದು, ಗಾಡಿ ಚಲಿಸಿದಾಗ ಅದರ ಜೊತೆಗೆ ಪ್ಲಾಟ್‌ಫಾರಂ ಮುಗಿಯುವವರೆಗೂ ನಡೆದ. ಯಾರೋ ಸೀನಿದರು. ಎದುರಿನ ಸೀಟಿನವರೋ, ಬಾಗಿಲಲ್ಲಿ ನಿಂತವರೋ ತಿಳಿಯಲಿಲ್ಲ. ರೈಲು ನಿಲ್ಲಲಿಲ್ಲ.

ಅಂದು ಮನೆಯಲ್ಲಿ ಆಮೇಲೆ ನಡೆದದ್ದನ್ನು ಅಮ್ಮ ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ನಾನು ಮೊದಲ ರಜೆಗೆ ಬಂದಾಗ, ಖಾಲಾ ಮನೆಯ ತಂತಿಯ ಮೇಲೆ ಎರಡು ಬಿಳಿ ಬಟ್ಟೆಗಳು ಒಣಗುತ್ತಿದ್ದಾಗ. ಅಪ್ಪ ಸ್ಟೇಷನ್ನಿನಿಂದ ನೇರವಾಗಿ ಕಾರ್ಖಾನೆಗೆ ಹೋಗಲಿಲ್ಲವಂತೆ. ಪೇಟೆಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದನಂತೆ. ಅತ್ತೆ ಬಾಗಿಲು ಮುಂದೆ ಮಾಡಿಕೊಂಡು ಒಲೆಯ ಮುಂದೆ ಕೂತಿದ್ದಳಂತೆ, ಬೆಳಗಿನಿಂದ ನೀರನ್ನೂ ಮುಟ್ಟದೆ. ಅಪ್ಪ ಆ ಬಾಗಿಲನ್ನು ಪೂರಾ ತೆರೆದು, ಅವಳ ಪಕ್ಕದಲ್ಲಿ ಟ್ರಂಕಿನ ಮೇಲೆ ಕೂತು, ಜೇಬಿನಿಂದ ಒಂದು ಪೊಟ್ಟಣ ತೆಗೆದು ಅವಳ ಕೈಗಿಟ್ಟನಂತೆ. ಹುಟ್ಟಿದಾಗಿನಿಂದ ಅವನು ಅಕ್ಕನಿಗೆ ನಶ್ಯ ತಂದುಕೊಟ್ಟವನಲ್ಲ.

"ತಗೋ ಅಕ್ಕಾ," ಎಂದನಂತೆ. "ಇನ್ಮೇಲೆ ಬಂದಿದ್ದನ್ನ ತಡ್ಕೋಬೇಡ."